ಕೇಳುವುದು ಮತ್ತು ಕೂಡಿಡುವುದು

ಒಬ್ಬನು ಹಾಡನ್ನು ಕೇಳಿದರೆ ಇನ್ನೊಬ್ಬನ ಪಾಲು ಕಡಿಮೆಯಾಗುವುದಿಲ್ಲ. ಹೊಲ, ಹೊನ್ನು, ಧಾನ್ಯಗಳ ಸ್ಥಿತಿ ಹಾಗಲ್ಲ; ಅವು ಒಬ್ಬನ ಕೈಸೇರಿದರೆ ಮತ್ತೊಬ್ಬನಿಗೆ ಇಲ್ಲವಾಗುತ್ತವೆ. ಹಂಚಿದಷ್ಟೂ ಕುಗ್ಗದ ಸಂಗೀತವನ್ನು ಹೊನ್ನಿನಂತೆ ವಿರಳವಾಗಿಸಿ ಮಾರುವುದು ಸರಿಯೇ? ಡಿಜಿಟಲ್ ಸಂಗ್ರಹ ಟೋಕನ್‌ಗಳು ಈ ಪ್ರಶ್ನೆಯನ್ನು ಇಂದು ಮುಂದಿಟ್ಟಿವೆ.

ಎನ್‌ಎಫ್‌ಟಿ ಎಂದು ಕರೆಯಲ್ಪಡುವ ಈ ಟೋಕನ್ ಸ್ವತಃ ಸಂಗೀತವಲ್ಲ. ಅನೇಕ ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ದಾಖಲಾಗಿರುವ, ಸುಲಭವಾಗಿ ತಿದ್ದಲಾಗದ ಒಂದು ಲೇಖ್ಯ ಅದು. ಧ್ವನಿಯನ್ನು ಎಷ್ಟು ಬಾರಿಯಾದರೂ ನಕಲು ಮಾಡಬಹುದು. ಲೇಖ್ಯವನ್ನು ಹಾಗೆ ಮಾಡಲಾಗದು. 2021ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಕಿಂಗ್ಸ್ ಆಫ್ ಲಿಯಾನ್ ತಂಡವು ತನ್ನ ಹೊಸ ಆಲ್ಬಮ್ ಅನ್ನು ಟೋಕನ್ ರೂಪದಲ್ಲಿಯೂ ಮಾರಿತು. ಆದರೆ ಅದೇ ಹಾಡುಗಳು ಎಂದಿನಂತೆ ಎಲ್ಲ ಕೇಳುಗರಿಗೂ ದೊರೆತವು.

ಇನ್ನೊಂದು ನಿದರ್ಶನವು ಇದಕ್ಕಿಂತ ಭಿನ್ನವಾದುದು. ನ್ಯೂಯಾರ್ಕಿನ ವೂ-ಟ್ಯಾಂಗ್ ಕ್ಲ್ಯಾನ್ ತಂಡವು ವರ್ಷಗಟ್ಟಲೆ ಗುಟ್ಟಾಗಿ ರೂಪಿಸಿದ 'ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್' ಎಂಬ ಆಲ್ಬಮ್‌ನ ಒಂದೇ ಒಂದು ಪ್ರತಿಯನ್ನು 2015ರಲ್ಲಿ ಮಾರಿತು. ಸಂಗೀತವು ಅಗ್ಗವಾಗಿಹೋದ ಕಾಲದಲ್ಲಿ ಅದಕ್ಕೆ ಚಿತ್ರ, ಶಿಲ್ಪಗಳಿಗಿರುವ ಬೆಲೆಯನ್ನು ಮರಳಿ ತರಬೇಕೆಂಬುದು ಅವರ ಉದ್ದೇಶವಾಗಿತ್ತು. 2103ರವರೆಗೆ ಅದನ್ನು ವಾಣಿಜ್ಯವಾಗಿ ಪ್ರಕಟಿಸಕೂಡದೆಂಬ ಷರತ್ತೂ ಇತ್ತು. ಕೊಂಡವನು ಔಷಧೋದ್ಯಮಿ ಮಾರ್ಟಿನ್ ಷ್ಕ್ರೆಲಿ. ವಂಚನೆಯ ಅಪರಾಧದಲ್ಲಿ ಅವನಿಗೆ ಶಿಕ್ಷೆಯಾದಾಗ ಸರ್ಕಾರವು ಅದನ್ನು ವಶಪಡಿಸಿಕೊಂಡು 2021ರಲ್ಲಿ ಮಾರಿತು. ಪ್ಲೀಸರ್‌ಡಾವೊ ಎಂಬ ಕೂಟವು ಅದನ್ನು ಕೊಂಡಿತು. ಒಡೆತನದ ಪತ್ರವಾಗಿ ಎನ್‌ಎಫ್‌ಟಿಯೊಂದು ಸೃಷ್ಟಿಯಾಯಿತು.

ಕಲಾವಿದರ ಅಳಲು ನಿಜವಾದುದು. ಶ್ರಮಕ್ಕೆ ತಕ್ಕ ಪ್ರತಿಫಲವನ್ನು ಬಯಸುವುದು ದೋಷವಲ್ಲ. ಹಾಡನ್ನು ಉಚಿತವಾಗಿ ಸವಿದು ಹಾಡಿದವನನ್ನು ಮರೆಯುವ ಸಮಾಜವೇ ಮೊದಲು ತಪ್ಪಿತಸ್ಥ. ಆದರೆ ಈ ಆಲ್ಬಮ್‌ಗೆ ಬಂದ ಬೆಲೆ ಯಾವುದರದು? ಅದನ್ನು ಬಹುತೇಕ ಯಾರೂ ಕೇಳಿರಲಿಲ್ಲ. ಇತರರಿಗೆ ಇಲ್ಲ ಎಂಬುದೇ ಅದರ ಬೆಲೆಗೆ ಆಧಾರವಾಯಿತು. ಇಲ್ಲಿ ಕೊಳ್ಳುವವನು ಪಡೆದದ್ದು ನಾದವನ್ನಲ್ಲ, ಪರರ ವಂಚಿತತೆಯನ್ನು.

2024ರಲ್ಲಿ ಅದೇ ಕೂಟವು ಮತ್ತೊಂದು ಮಾರ್ಗವನ್ನು ಹಿಡಿಯಿತು. ಒಂದು ಡಾಲರ್ ಬೆಲೆಯ ಟೋಕನ್ ಒಂದನ್ನು ಕೊಂಡಾಗಲೆಲ್ಲ ಬಿಡುಗಡೆಯ ದಿನವು 88 ಸೆಕೆಂಡು ಹತ್ತಿರ ಬರುವುದೆಂದು ಸಾರಿತು. ಲೆಕ್ಕ ಹಾಕಿದರೆ, ಉಳಿದ 79 ವರ್ಷಗಳನ್ನು ಅಳಿಸಲು ಸುಮಾರು 2.8 ಕೋಟಿ ಡಾಲರ್ ಬೇಕು. ಇದರಲ್ಲಿಯೂ ವ್ಯಾಪಾರವಿಲ್ಲದಿಲ್ಲ. ಆದರೂ ಕೊಡುವವನ ಕಾಸಿನಿಂದ ಬಾಗಿಲು ಅಷ್ಟಿಷ್ಟಾದರೂ ತೆರೆಯುತ್ತದೆಯೇ ಹೊರತು ಮುಚ್ಚುವುದಿಲ್ಲ.

ಆದುದರಿಂದ ತಂತ್ರವನ್ನು ಹಳಿದು ಫಲವಿಲ್ಲ. ಒಂದೇ ಲೇಖ್ಯವು ಕಲಾವಿದನನ್ನು ಪೋಷಿಸಬಲ್ಲದು, ಸಂಗ್ರಾಹಕನ ಮಮತ್ವವನ್ನೂ ಪೋಷಿಸಬಲ್ಲದು. ಕೊಳ್ಳುವವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಈ ಹಾಡು ಎಲ್ಲರ ಕಿವಿಗೂ ತಲುಪಿದರೆ ತನಗೆ ಸಂತೋಷವಾಗುವುದೋ, ನಷ್ಟವೆನಿಸುವುದೋ? ನಷ್ಟವೆನಿಸುವುದಾದರೆ ಅವನು ಕೊಂಡದ್ದು ಸಂಗೀತವಲ್ಲ.