ಏಪ್ರಿಲ್ ತಿಂಗಳ ರಿಯಾಯಿತಿ ಯಾರಿಗೆ?



ಸೀಸರನ ತೆರಿಗೆಯ ಬಗ್ಗೆ ಕೇಳಿದವರಿಗೆ ಯೇಸುಸ್ವಾಮಿ ಕೊಟ್ಟ ಉತ್ತರ ನಮಗೆಲ್ಲ ಗೊತ್ತು (ಮತ್ತಾಯ 22). ತೆರಿಗೆ ಸಲ್ಲಿಸುವುದು ನೈತಿಕ ಹೊಣೆಯೆಂದು ಧರ್ಮಸಭೆಯ ಧರ್ಮೋಪದೇಶವೂ (2240) ಕಲಿಸುತ್ತದೆ. ರಸ್ತೆ, ದಾರಿದೀಪ, ನಳ್ಳಿ ನೀರು ಬೇಕು, ತೆರಿಗೆ ಮಾತ್ರ ಬೇಡವೆನ್ನುವವನು ತನ್ನ ಹೊರೆಯನ್ನು ನೆರೆಯವನ ಹೆಗಲಿಗೆ ಹಾಕುತ್ತಾನೆ.

ಆದರೆ ಈ ಹೊರೆ ಎಲ್ಲರಿಗೂ ಸಮವೇ? 2021-22ರಿಂದ ಕುಂದಾಪುರದಂತಹ ಪುರಸಭೆಗಳಲ್ಲಿ ಮನೆ ತೆರಿಗೆಗೆ ಸರಕಾರದ ಮಾರ್ಗಸೂಚಿ ಬೆಲೆಯೇ ಆಧಾರ. ಆ ಬೆಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸರಾಸರಿ ಶೇ. 30 ಏರಿತು. ಜಾಗ ಮಾರುವವನಿಗೆ ಇದು ಲಾಭ. ಆದರೆ ಹಳೆಯ ಹಂಚಿನ ಮನೆಯಲ್ಲಿ ವಿಧವಾ ವೇತನದಿಂದ ದಿನ ದೂಡುವ ಒಂಟಿ ಅಜ್ಜಿಗೆ? ಜಾಗದ ಬೆಲೆ ಏರಿತೆಂದು ಆಕೆಯ ಗಂಜಿಯ ಪಾತ್ರೆ ದೊಡ್ಡದಾಗುವುದಿಲ್ಲ.

ರಿಯಾಯಿತಿ ಇದೆಯಲ್ಲ ಎನ್ನಬಹುದು. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ. 5 ಕಡಿತ. ಮಗ ಗಲ್ಫಿನಿಂದ ಹಣ ಕಳುಹಿಸುವ ಮನೆಗೆ ಅದು ಸುಲಭ. ಕೈಯಲ್ಲಿ ಹಣವಿಲ್ಲದೆ ತಡಮಾಡಿದವರಿಗೆ ಸಿಗುವುದು ದಂಡ. ಉಳ್ಳವರಿಗೆ ಉಡುಗೊರೆ, ಇಲ್ಲದವರಿಗೆ ಶಿಕ್ಷೆ, ಇದು ನ್ಯಾಯವೇ? ರಿಯಾಯಿತಿ ಕೇಳುವುದಾದರೆ, ಮನೆಯ ಆದಾಯ ನೋಡಿ ಕೊಡಿರೆಂದು ನಮ್ಮ ಜನಪ್ರತಿನಿಧಿಗಳನ್ನು ಕೇಳೋಣ.

ಅಲ್ಲಿಯವರೆಗೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ನಾವು ಸುಮ್ಮನಿರಬೇಕೇ? ತೆರಿಗೆ ಕಟ್ಟಲು ಹೊರಟ ದಿನ ನಿಮ್ಮ ವಾಳೆಯ ಅಂತಹ ಒಂದು ಮನೆಯ ಬಾಗಿಲು ತಟ್ಟಿರಿ. ನಿಮಗೆ ಉಳಿದ ಆ ಹಣ ಅವರ ತೆರಿಗೆಗೆ ಸೇರಲಿ. ಸೀಸರನಿಗೂ ದೇವರಿಗೂ ಒಂದೇ ದಿನ ಸಲ್ಲಿಸಿದಂತಾಗುತ್ತದೆ.