ಕ್ಷಮೆಯಲ್ಲ, ಹೆಸರು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಸುಳ್ಳು ಅಪವಾದ ಹೊತ್ತವರು, “ಧರ್ಮಸ್ಥಳಕ್ಕೆ ಹೋಗುವ, ನಾನು ಪ್ರಮಾಣ ಮಾಡುತ್ತೇನೆ, ನೀವೂ ಬನ್ನಿ” ಎನ್ನುವುದುಂಟು. “ನೀವೂ ಬನ್ನಿ” ಎಂಬ ಮಾತೇ ನನಗೆ ದೊಡ್ಡದೆನಿಸುತ್ತದೆ. ದೂರಿದವರೂ ದೇವರೆದುರು ನಿಲ್ಲಬೇಕಲ್ಲ! ಎಷ್ಟೋ ದೂರುಗಳು ಬಸ್ಸು ಹತ್ತುವ ಮೊದಲೇ ತಣ್ಣಗಾಗುತ್ತವೆ.

ಫ್ರಾನ್ಸಿನ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಆಲ್ಫ್ರೆಡ್ ಡ್ರೈಫಸ್‌ಗೆ ಈ ಭಾಗ್ಯವಿರಲಿಲ್ಲ. ಯೆಹೂದಿಯಾದ ಅವನು ಜರ್ಮನಿಗೆ ಗುಟ್ಟು ಮಾರಿದನೆಂದು 1894ರಲ್ಲಿ ಶಿಕ್ಷೆಯಾಯಿತು. ಮರುವರ್ಷ ಜನವರಿ 5ರಂದು ಪ್ಯಾರಿಸಿನಲ್ಲಿ ಸೈನಿಕರ ಮುಂದೆ ಅವನ ಪದವಿಯ ಪಟ್ಟಿಗಳನ್ನು ಕಿತ್ತು, ಕತ್ತಿಯನ್ನು ಮುರಿದರು. ತಾನು ನಿರಪರಾಧಿಯೆಂದು ಅವನು ಕೂಗುತ್ತಲೇ ಇದ್ದ. ಆಮೇಲೆ ಕಡಲಾಚೆಯ ದ್ವೀಪದಲ್ಲಿ ಸೆರೆ. ತನ್ನನ್ನೂ ಅಲ್ಲಿಗೆ ಕಳಿಸಿರೆಂದು ಹೆಂಡತಿ ಲೂಸಿ ಬೇಡಿದಳು, ಬಿಡಲಿಲ್ಲ.

1899ರ ಮರುವಿಚಾರಣೆಯಲ್ಲೂ ಅಪರಾಧಿಯೆಂದೇ ತೀರ್ಪು. ಆದರೆ ಕೆಲವೇ ದಿನಗಳಲ್ಲಿ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಕೊಟ್ಟರು. ತಪ್ಪು ಮಾಡದವನು ಕ್ಷಮೆ ಪಡೆಯಬಹುದೇ? ಅವನ ಪರ ಹೋರಾಡಿದವರಲ್ಲೇ ಕೆಲವರಿಗೆ ಇದು ಹಿಡಿಸಲಿಲ್ಲ. ಸತ್ಯಕ್ಕಾಗಿ ಇನ್ನೊಬ್ಬರ ಗಂಡ ಜೈಲಿನಲ್ಲಿ ಕೊಳೆಯಲಿ ಎನ್ನುವುದು ಸುಲಭ! ಮನೆಯಲ್ಲಿ ಎರಡು ಮಕ್ಕಳಿದ್ದವು, ಅವನ ದೇಹ ಜರ್ಜರವಾಗಿತ್ತು. ಅವನು ಬಿಡುಗಡೆಯನ್ನು ಒಪ್ಪಿಕೊಂಡ, ಅಪರಾಧವನ್ನಲ್ಲ. ಹೋರಾಡುತ್ತಲೇ ಇದ್ದು, 1906ರ ಜುಲೈ 12ರಂದು ನಿರ್ದೋಷಿಯೆನಿಸಿಕೊಂಡ.

ಅವನಿಗೆ ಹನ್ನೆರಡು ವರ್ಷ ಸಾಕಾಯಿತು. ರಷ್ಯದ ಬಾಹ್ಯಾಕಾಶ ಸಂಸ್ಥೆ ಗ್ಲಾವ್‌ಕಾಸ್ಮಾಸ್‌ನ ಪ್ರತಿನಿಧಿಯಾಗಿದ್ದ ನಮ್ಮ ಬೆಂಗಳೂರಿನ ಕೆ. ಚಂದ್ರಶೇಖರ್ ಸೈನಿಕರಲ್ಲ, ಆದರೆ ಅವರ ಮೇಲೂ ಬಂದದ್ದು ದೇಶದ ಗುಟ್ಟು ಮಾರಿದ ಅದೇ ಅಪವಾದ. 1994ರ ಇಸ್ರೋ ಬೇಹುಗಾರಿಕೆ ಪ್ರಕರಣದಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಅವರಂತೆ ಇವರೂ ಬಂಧಿತರಾದರು. ಪ್ರಕರಣವೇ ಸುಳ್ಳೆಂದು 1996ರಲ್ಲಿ ಸಿಬಿಐ ಹೇಳಿತು, 1998ರಲ್ಲಿ ಸುಪ್ರೀಂ ಕೋರ್ಟೂ ಆರೋಪಿಗಳ ಪರವಾಗಿಯೇ ನಿಂತಿತು. ಆದರೂ ಬಂಧನದ ಸುದ್ದಿ ತಲುಪಿದ ಮನೆಗಳಿಗೆಲ್ಲ ಬಿಡುಗಡೆಯ ಸುದ್ದಿ ತಲುಪುತ್ತದೆಯೇ?

2018ರ ಸೆಪ್ಟೆಂಬರ್ 14ರಂದು ಅದೇ ಕೋರ್ಟು ನಂಬಿ ನಾರಾಯಣನ್‌ಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿ, ತಪ್ಪು ಮಾಡಿದ ಅಧಿಕಾರಿಗಳ ವಿಷಯ ನೋಡಲು ಸಮಿತಿಯನ್ನೂ ನೇಮಿಸಿತು. ಆ ಬೆಳಿಗ್ಗೆಯೇ ಚಂದ್ರಶೇಖರ್ ಆಸ್ಪತ್ರೆಯಲ್ಲಿ ಪ್ರಜ್ಞೆ ಕಳೆದುಕೊಂಡಿದ್ದರು. ತೀರ್ಪನ್ನು ಓದಿ ಹೇಳಿದರೂ ಕೇಳುವ ಸ್ಥಿತಿಯಿರಲಿಲ್ಲ. 16ರಂದು ತೀರಿಕೊಂಡರು.

ದೂರಿದ ಕಡೆಯವರನ್ನು ಕರೆದು ನಿಲ್ಲಿಸಲು ಇನ್ನೂ ಆರು ವರ್ಷ ಹಿಡಿಯಿತು. ಸಿಬಿಐ ಐವರು ಮಾಜಿ ಅಧಿಕಾರಿಗಳ ಮೇಲೆ ಆರೋಪಪಟ್ಟಿ ಸಲ್ಲಿಸಿದ್ದು 2024ರಲ್ಲಿ.