ಮರವೆ ಹಿಡಿದ ತಾಯಿಯೂ ಐದನೆಯ ಆಜ್ಞೆಯೂ

ಹೆತ್ತ ತಾಯಿಯು ಮಗನ ಹೆಸರನ್ನೇ ಮರೆತು, ಅರ್ಧರಾತ್ರಿಯಲ್ಲಿ ಅಗುಳಿ ತೆಗೆದು ಬಾವಿಯ ಕಡೆಗೆ ಹೊರಟರೆ, ಆಕೆಯನ್ನು ಆರೈಕೆಯ ಮನೆಯೊಂದರಲ್ಲಿ ಇರಿಸುವದು ಐದನೆಯ ಆಜ್ಞೆಯನ್ನು ಮೀರಿದಂತೆಯೋ? ಹೌದೆನ್ನುವವರು ನಮ್ಮ ಸಭೆಗಳಲ್ಲಿ ಬಹು ಮಂದಿ ಇದ್ದಾರೆ. ಆದರೆ ಅವರಲ್ಲಿ ಒಂದು ರಾತ್ರಿಯಾದರೂ ಅಂಥ ಬಾಗಿಲನ್ನು ಕಾದವರು ಕೊಂಚವೇ.

ಇದು ದೆವ್ವದ ಕಾಟವೂ ಅಲ್ಲ, ಮುದಿಹಟವೂ ಅಲ್ಲ; ಮಿದುಳು ಕ್ಷಯಿಸುವ ರೋಗ. ಇದರಲ್ಲಿ ಮುಖ್ಯವಾದ ಒಂದು ಬಗೆಯನ್ನು 1906ರಲ್ಲಿ ಜರ್ಮನಿಯ ವೈದ್ಯರಾದ ಆಲೋಯಿಸ್ ಆಲ್ಜೈಮರರು ವಿವರಿಸಿದರು. ಪೂರ್ಣವಾಗಿ ವಾಸಿಮಾಡುವ ಔಷಧವು ಇನ್ನೂ ಇಲ್ಲ. ಸಂಜೆಯಾಗುತ್ತಲೇ ರೋಗಿಯ ಕಳವಳವು ಹೆಚ್ಚುವದುಂಟು. ಕೂಲಿಗೆ ಹೋಗಲೇಬೇಕಾದ ಸೊಸೆಯೊಬ್ಬಳು ಹಗಲಿರುಳು ಇದನ್ನು ಹೊರುವದೆಂತು?

ಕೊರ್ಬಾನಿನ ನೆವದಿಂದ ತಂದೆತಾಯಿಗಳನ್ನು ಕೈಬಿಟ್ಟವರನ್ನು ಕರ್ತನು ಖಂಡಿಸಿದ್ದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ಆತನೇ ಶಿಲುಬೆಯ ಮೇಲಿದ್ದಾಗ ತನ್ನ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದನು. ಕೈಬಿಡುವದು ಬೇರೆ, ಒಪ್ಪಿಸುವದು ಬೇರೆ. ಹಿರಿಯರ ಪಾಲನೆಗಾಗಿ 2007ರಲ್ಲಿ ನಮ್ಮ ದೇಶದಲ್ಲಾದ ಕಾಯಿದೆಯು ಸಹ ಮೂರು ತಿಂಗಳ ವರೆಗಿನ ಸೆರೆವಾಸವನ್ನು ಇಟ್ಟಿರುವದು ತೊರೆದುಬಿಡುವವರಿಗೇ.

ಆದರೆ ಒಪ್ಪಿಸುವವನು ಯಾರ ಕೈಗೆಂದು ನೋಡಬೇಡವೇ? ಮುಂದಾಗಿ ತಿಳಿಸದೆ ಊಟದ ವೇಳೆಯಲ್ಲಿ ಹೋಗಿರಿ. ಉಣ್ಣಿಸುವವರು ಅವಸರಪಡುತ್ತಾರೋ? ಯಾರನ್ನಾದರೂ ಮಂಚಕ್ಕೆ ಕಟ್ಟಿದ್ದಾರೋ? ರಾತ್ರಿಯಲ್ಲಿ ಎಚ್ಚರವಿರುವವರೆಷ್ಟು ಮಂದಿ? ಆಕೆಯ ಭಾಷೆಯನ್ನಾಡುವವರುಂಟೋ? ಗೋಡೆಯ ಸುಣ್ಣವನ್ನು ನೋಡಿ ಮರುಳಾಗಬೇಡಿರಿ. ಬಳಿಕ ಆಕೆಯ ಹಳೆಯ ಕಂಬಳಿಯನ್ನೂ ಗೀತಪುಸ್ತಕವನ್ನೂ ಜತೆಗೆ ಕೊಟ್ಟು, ವಾರವಾರವೂ ಹೋಗಿ ಬನ್ನಿರಿ. ಮಗನ ಹೆಸರನ್ನು ಮರೆತವಳೂ ಹಳೆಯ ಗೀತದ ರಾಗವನ್ನು ಕೇಳಿದಾಗ ತುಟಿಯಾಡಿಸುವದನ್ನು ನಾನು ಕಂಡಿದ್ದೇನೆ.